ಜೇಬಿನಲ್ಲೇ ಬೇಹುಗಾರ!



"ನಮ್ಮತ್ರ ಮುಚ್ಚಿಡೋಕೆ ಏನಿದೆ ಸ್ವಾಮಿ, ಸರ್ಕಾರ ಬೇಕಾದ್ರೆ ಮೊಬೈಲ್ ನೋಡ್ಕೊಳ್ಳಲಿ" ಎನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಇದೇ ಜನ ದನದ ಜಾತ್ರೆಯಲ್ಲಿ ಎತ್ತಿನ ವ್ಯಾಪಾರಕ್ಕೆ ನಿಂತರೆ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುತ್ತಾರೆ. ಅದೇನು ಕಳ್ಳತನವೇನ್ರೀ? ನಮ್ಮ ವ್ಯವಹಾರ ನಮ್ಮದು, ಅಷ್ಟೆ.

ಕದ್ದು ಕೇಳುವ ಚಾಳಿ ಸರ್ಕಾರಗಳಿಗೆ ಹೊಸದಲ್ಲ. 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದು ಟೆಲಿಫೋನ್ ಕದ್ದಾಲಿಕೆಯ ಹಗರಣದಲ್ಲೇ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಸಾರಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮರುವರ್ಷವೇ, 2018ರ ಡಿಸೆಂಬರ್ 20ರಂದು, ಕೇಂದ್ರ ಗೃಹ ಇಲಾಖೆ ಒಂದೇ ಆದೇಶದಲ್ಲಿ 10 ಸಂಸ್ಥೆಗಳಿಗೆ ಕಂಪ್ಯೂಟರ್ ಮಾಹಿತಿ ತೆಗೆದು ನೋಡುವ ಅಧಿಕಾರ ಕೊಟ್ಟಿತು. ದೆಹಲಿ ಗಡಿಯ ರೈತ ಚಳವಳಿಗೆ ಬೆಂಬಲವಾಗಿ ಇಂಟರ್ನೆಟ್ಟಿನಲ್ಲಿ ಒಂದು ಬರಹ ತಿದ್ದಿದಳೆಂದು 2021ರ ಫೆಬ್ರವರಿಯಲ್ಲಿ ಬೆಂಗಳೂರಿನ 22 ವರ್ಷದ ಹುಡುಗಿಯನ್ನು ದೆಹಲಿ ಪೊಲೀಸರು ಹಿಡಿದೊಯ್ದು ರಾಜದ್ರೋಹದ ಕೇಸು ಹಾಕಿದರು. ಹತ್ತು ದಿನಕ್ಕೆ ಜಾಮೀನು ಸಿಕ್ಕಿತು, ಆ ಮಾತು ಬೇರೆ.

ಹಾಗಾದ್ರೆ ಏನು ಮಾಡೋಣ? ಮೊದಲು ಫೋನಿಗೆ ಆರು ಅಂಕಿಯ ಬೀಗ ಹಾಕಿ. ಹುಟ್ಟಿದ ವರ್ಷ, ಟ್ರ್ಯಾಕ್ಟರ್ ನಂಬರು ಬೇಡ. ಬೆರಳಿನ ಬೀಗ ಸುಲಭ ನಿಜ, ಆದರೆ ಕೈ ಹಿಡಿದು ಬೆರಳು ಒತ್ತಿಸಬಹುದಲ್ಲ! ವಾಟ್ಸಪ್ ಮಾತನ್ನು ದಾರಿಯಲ್ಲಿ ಯಾರೂ, ಆ ಕಂಪನಿಯೂ ಓದಲಾರದು. ಆದರೆ ಯಾರು ಯಾರಿಗೆ ಯಾವಾಗ ಕಳಿಸಿದರೆಂಬುದು ಕಂಪನಿಗೆ ಗೊತ್ತಾಗುತ್ತೆ. ಮಾತಿನ ನಕಲು ಗೂಗಲ್ ಡ್ರೈವಿಗೆ ಹೋಗಿ ಕೂತರೆ ಅಲ್ಲಿ ಆ ಬೀಗವಿಲ್ಲ. ಸೆಟ್ಟಿಂಗ್ಸಿಗೆ ಹೋಗಿ ಬ್ಯಾಕಪ್ಪಿಗೂ ನಾವೇ ಬೀಗ ಹಾಕಬೇಕು. ಸಿಗ್ನಲ್ ಎಂಬ ಆಪ್ ಇಂಥ ಲೆಕ್ಕ ಇಟ್ಟುಕೊಳ್ಳುವುದು ಬಹಳ ಕಡಿಮೆ, ದುಡ್ಡೂ ಕೇಳಲ್ಲ. ಇಷ್ಟೆಲ್ಲಾ ಮಾಡಿ 300 ಜನರ ಗ್ರೂಪಿನಲ್ಲಿ ಧರಣಿಯ ಗುಟ್ಟು ಬರೆದರೆ ಏನು ಬಂತು? ಒಬ್ಬನ ಫೋನು ಸಿಕ್ಕರೆ ಎಲ್ಲರ ಮಾತೂ ಸಿಕ್ಕಂತೆ.

ಫೋನು ಚಾಲೂ ಇದ್ದರೆ ನೀವೆಲ್ಲಿದ್ದೀರಿ ಎಂಬುದು ಟವರಿಗೆ ತಿಳಿಯುತ್ತದೆ. ಯಾವ ಆಪ್ ಹಾಕಿದರೂ ಇದು ತಪ್ಪಲ್ಲ. ಗುಟ್ಟಿನ ಸಭೆಗೆ ಹೋಗುವಾಗ ಅದನ್ನು ಮನೆಯಲ್ಲೇ ಬಿಟ್ಟು ಹೋಗಿ.

ಇನ್ನು ಸಾಲದ ಆಪ್‌ಗಳು. ಐದು ಸಾವಿರ ಕೊಡುವ ಮುಂಚೆ ನೆಂಟರಿಷ್ಟರ ನಂಬರು, ಫೋಟೋ ಎಲ್ಲಾ ನೋಡಲು ಅನುಮತಿ ಕೇಳುತ್ತವೆ. ಹಾಗೆ ಕೇಳಕೂಡದೆಂದು 2022ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ಕೊಡಬೇಡಿ. ಕಂಪನಿ ಹತ್ರ ಸೇರಿದ್ದನ್ನು ನಾಳೆ ಸರ್ಕಾರ ಒಂದು ಕಾಗದ ಬರೆದು ತರಿಸಿಕೊಳ್ಳಬಹುದು.

ಇದೆಲ್ಲಾ ಬರಲ್ಲ ಎಂದು ಸಂಕೋಚ ಬೇಡ. ಹೋದ ತಿಂಗಳವರೆಗೂ ಈ ಸಂಪಾದಕನ ಫೋನಿಗೇ ಬೀಗ ಇರಲಿಲ್ಲ. ಮಗಳು ಬೈದು ಹಾಕಿಕೊಟ್ಟಳು.