ಪೋಸ್ಟ್ ಹಾಕೋಕೆ ಮಾಸ್ಟರ್ ಪಾಸ್‌ವರ್ಡ್ ಯಾಕೆ?

ಬೆಳೆ ಫೋಟೊ, ಜೀವಾಮೃತದ ಅನುಭವ ಬರೆದು ಹೈವ್, ಸ್ಟೀಮಿಟ್‌ನಂಥ ಬ್ಲಾಕ್‌ಚೈನ್ ತಾಣಗಳಲ್ಲಿ ಟೋಕನ್ ಗಳಿಸೋ ಯೋಚನೆ ನಿಮಗಿದೆಯಾ? ಖಾತೆ ತೆರೆಯಿರಿ, ತಪ್ಪಿಲ್ಲ. ಆದರೆ ಕೀಗಳ ಲೆಕ್ಕ ತಿಳಿಯದೆ ಅಲ್ಲಿ ಒಂದು ರೂಪಾಯಿಯನ್ನೂ ಇಡಬೇಡಿ ಅನ್ನೋದು ನನ್ನ ಅಭಿಪ್ರಾಯ.

ಬ್ಯಾಂಕಿನ ಪಾಸ್‌ವರ್ಡ್ ಮರೆತರೆ ಶಾಖೆಗೆ ಹೋಗಿ ಕೇಳಬಹುದು. ಇಲ್ಲಿ ಶಾಖೆಯೂ ಇಲ್ಲ, ಮ್ಯಾನೇಜರೂ ಇಲ್ಲ. ಮಾಸ್ಟರ್ ಪಾಸ್‌ವರ್ಡ್, ಓನರ್ ಕೀ ಎರಡೂ ಕಳೆದರೆ ಹೊಸದು ಕೊಡುವವರು ಯಾರೂ ಇಲ್ಲ.

2020ರ ಮಾರ್ಚ್‌ನಲ್ಲಿ ಸ್ಟೀಮ್‌ನಿಂದ ಬೇರೆಯಾದ ಹೈವ್‌ನಲ್ಲಿ ಪ್ರತಿ ಖಾತೆಗೂ ನಾಲ್ಕು ಕೀ ಇರುತ್ತವೆ. ಪೋಸ್ಟಿಂಗ್ ಕೀ ಬರೆಯೋಕೆ, ವೋಟ್ ಹಾಕೋಕೆ. ಆಕ್ಟಿವ್ ಕೀ ಟೋಕನ್ ಕಳಿಸೋಕೆ. ಮೆಮೊ ಕೀ ಗುಪ್ತ ಸಂದೇಶಕ್ಕೆ. ಓನರ್ ಕೀ ಉಳಿದೆಲ್ಲ ಕೀಗಳನ್ನು ಬದಲಿಸೋಕೆ. ಸಾಮಾನ್ಯವಾಗಿ ಇವೆಲ್ಲ ಹುಟ್ಟೋದು ಒಂದೇ ಮಾಸ್ಟರ್ ಪಾಸ್‌ವರ್ಡ್‌ನಿಂದ.

‘ಇಷ್ಟೆಲ್ಲ ರಗಳೆ ಯಾಕೆ’ ಅನ್ನಬಹುದು. ತೋಟಕ್ಕೆ ಬಂದ ಆಳಿಗೆ ಪಂಪ್‌ಹೌಸ್ ಕೀಲಿ ಕೊಡ್ತೀವಿ, ಬೀರುವಿನ ಕೀಲಿ ಕೊಡ್ತೀವಾ? ಇದೂ ಹಾಗೇ. ಪೋಸ್ಟಿಂಗ್ ಕೀ ಕಳ್ಳನ ಕೈಗೆ ಸಿಕ್ಕರೆ ನಿಮ್ಮ ಹೆಸರಲ್ಲಿ ಏನಾದರೂ ಬರೆದಾನು, ಟೋಕನ್ ಸಾಗಿಸಲಾರ. ದಿನನಿತ್ಯಕ್ಕೆ ಮಾಸ್ಟರ್ ಪಾಸ್‌ವರ್ಡ್ ಬಳಸೋರು ಈ ರಕ್ಷಣೆಯನ್ನ ತಾವೇ ಕಿತ್ತು ಹಾಕ್ತಾರೆ.

ಕಳ್ಳ ಓನರ್ ಕೀಯನ್ನೇ ಬದಲಿಸಿದರೆ? ಹಳೆಯ ಓನರ್ ಕೀ ನಿಮ್ಮಲ್ಲಿದ್ದು, ನಿಮ್ಮ ರಿಕವರಿ ಖಾತೆಯವರು ಒಪ್ಪಿದರೆ 30 ದಿನದೊಳಗೆ ಖಾತೆ ವಾಪಸ್ ಪಡೆಯಬಹುದು. ಅಷ್ಟರಲ್ಲಿ ಹೋದ ಟೋಕನ್ ಮಾತ್ರ ಬರಲ್ಲ. ಹಾಗಾಗಿ ಟೋಕನ್ ಅನ್ನು ಸೇವಿಂಗ್ಸ್‌ನಲ್ಲಿಡಿ. ಅಲ್ಲಿಂದ ತೆಗೆಯೋಕೆ 3 ದಿನ ಬೇಕು. ಆ ಅವಧಿಯಲ್ಲಿ ನೀವು ಎಚ್ಚೆತ್ತು ತಡೆಯಬಹುದು.

ಕೀಯನ್ನು ವಾಟ್ಸಾಪ್‌ಗೆ ಕಳಿಸಿಕೊಳ್ಳಬೇಡಿ, ಸ್ಕ್ರೀನ್‌ಶಾಟ್ ಇಡಬೇಡಿ. ಟೋಕನ್ ಕಳಿಸುವಾಗ ಮೆಮೊ ಜಾಗದಲ್ಲಿ ಅಪ್ಪಿತಪ್ಪಿಯೂ ಅಂಟಿಸಬೇಡಿ. ಬ್ಲಾಕ್‌ಚೈನ್‌ಗೆ ಹೋದದ್ದು ಅಳಿಯಲ್ಲ, ಯಾರು ಬೇಕಾದರೂ ಓದಬಹುದು. ಅಂಟಿಸಿಬಿಟ್ಟಿದ್ದರೆ ತಕ್ಷಣ ಕೀ ಬದಲಿಸಿ.

ಕಾಗದದಲ್ಲಿ ಬರೆಯುವಾಗ ದೊಡ್ಡಕ್ಷರ, ಸಣ್ಣಕ್ಷರ ನೋಡಿಕೊಳ್ಳಿ. ಕೀಯಲ್ಲಿ ಸೊನ್ನೆ, ದೊಡ್ಡ ಓ, ದೊಡ್ಡ ಐ, ಸಣ್ಣ ಎಲ್ ಬರೋದೇ ಇಲ್ಲ. ಎರಡು ಪ್ರತಿ ಮಾಡಿ. ಒಂದು ಪಹಣಿ, ಪಾಸ್‌ಬುಕ್ ಇಡೋ ಪೆಟ್ಟಿಗೆಯಲ್ಲಿ, ಇನ್ನೊಂದು ನಂಬಿಕಸ್ಥರ ಮನೆಯಲ್ಲಿ ಇರಲಿ. ಫೋನಿನಲ್ಲಿ ಪೋಸ್ಟಿಂಗ್ ಕೀ ಒಂದೇ ಸಾಕು.