ಚಕ್ರವಾಕವೂ ಎರೆಭೂತವೂ

ಜಪಾನಿನ ಮರದಚ್ಚಿನ ಚಿತ್ರಗಳಲ್ಲಿ ಹೂ-ಹಕ್ಕಿಗಳದೇ ಒಂದು ಪ್ರತ್ಯೇಕ ಪ್ರಕಾರವುಂಟು. ಅಲ್ಲಿ ಸಾರಸವೆಂದರೆ ದೀರ್ಘಾಯುಸ್ಸು. ಹಿಮದಲ್ಲಿ ಒತ್ತಿ ಕುಳಿತ ಒಶಿದೊರಿ ಬಾತುಗಳ ಜೋಡಿಯೆಂದರೆ ದಾಂಪತ್ಯನಿಷ್ಠೆ. ನಮ್ಮ ಚಕ್ರವಾಕಗಳನ್ನು ಬಲ್ಲವರಿಗೆ ಈ ಪರಿಭಾಷೆ ಹೊಸತೇನಲ್ಲ. ವ್ಯತ್ಯಾಸವಿರುವುದು ಬೇರೆಡೆಯಲ್ಲಿ. ಹಿರೊಶಿಗೆ 1856ರಲ್ಲಿ ಆರಂಭಿಸಿದ ಎದೊ ನಗರದ ನೂರು ನೋಟಗಳ ಮಾಲೆಯಲ್ಲಿ ಸಾರಸಗಳು ಇಳಿಯುವುದು ಯಾವುದೋ ದಿವ್ಯ ಸರೋವರಕ್ಕಲ್ಲ. ಊರಾಚೆಯ, ಹೆಸರುಳ್ಳ ಬಯಲಿಗೆ. ಸಂಕೇತವಾಗುವ ಮುನ್ನ ಅದು ಜನರು ಕಣ್ಣಾರೆ ಕಂಡ ಹಕ್ಕಿ.

ನಮ್ಮಲ್ಲಿಯೋ? ಚಕೋರ ಬೆಳದಿಂಗಳನ್ನುಣ್ಣುತ್ತದೆ, ಹಂಸ ನೀರಿನಿಂದ ಹಾಲನ್ನು ಬೇರ್ಪಡಿಸುತ್ತದೆ, ಚಕ್ರವಾಕ ಇರುಳೆಲ್ಲ ಅಗಲಿ ಕೊರಗುತ್ತದೆ. ಈ ಕವಿಸಮಯಗಳನ್ನು ನಮ್ಮ ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾರೆ. (ಬರೆಯಿಸಿದವರು ನಾವೇ.) ಆ ಚಕ್ರವಾಕವು ಚಳಿಗಾಲದಲ್ಲಿ ತುಂಗಭದ್ರೆಯ ಹಿನ್ನೀರಿಗೆ ಬಂದಿಳಿಯುವ ಕಾವಿಬಣ್ಣದ ಬಾತು ಎಂದಾಗ ತರಗತಿ ನಕ್ಕಿತು.

ಸಿರುಗುಪ್ಪದ ಕಡೆಯ ಹುಡುಗನೊಬ್ಬ ನಗಲಿಲ್ಲ. ತನ್ನ ಅಜ್ಜ ಹೊಲದಲ್ಲಿ ಎರೆಭೂತವನ್ನು ಕಂಡಿದ್ದಾನೆ, ತಾನು ಕಂಡಿಲ್ಲ ಎಂದ.

ಎರೆಭೂತ! ಒಂದು ಮೀಟರಿನಷ್ಟು ಎತ್ತರದ ಹಕ್ಕಿ. ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ, ಅದೂ ಬರಿಯ ನೆಲದ ಮೇಲೆ. ಎರೆಯ ಬಿಸಿಲಿನಲ್ಲಿ ನಿಶ್ಚಲವಾಗಿ ನಿಲ್ಲುವ ಇದನ್ನು ಭೂತವೆಂದು ಕರೆದ ರೈತನೇ ಇದರ ಮೊದಲ ಕವಿಯೆಂದು ನಮಗೆ ತೋರುತ್ತದೆ. ಈ ಸೀಮೆಯವರು ತಮ್ಮ ಹೊಲದ ಒಡನಾಡಿಗಳನ್ನು ಮರೆತವರಲ್ಲ. ಸಂಗನಕಲ್ಲಿನ ಗುಡ್ಡದಲ್ಲಿ ನವಶಿಲಾಯುಗದವರು ಗೂಳಿಗಳನ್ನು ಕೊರೆದರು. ಕುರುಗೋಡಿನಲ್ಲಿ ಎತ್ತು ದೊಡ್ಡಬಸವೇಶ್ವರನಾಗಿ ಕುಳಿತಿತು. ಎರೆಭೂತಕ್ಕೆ ಮಾತ್ರ ಕಲ್ಲೂ ದೊರೆಯಲಿಲ್ಲ, ನಾವು ಕಲಿಸುವ ಪದ್ಯಗಳಲ್ಲಿ ಎಡೆಯೂ ದೊರೆಯಲಿಲ್ಲ. ಕಾಲುವೆ ಬಂದು ಎರೆ ಗದ್ದೆಯಾಯಿತು, ಹುಲ್ಲುಬಯಲು ಕುಗ್ಗಿತು, ಮೇಲೆ ವಿದ್ಯುತ್ ತಂತಿಗಳು ಹಾದವು. ಇಂದು ದೇಶದ ಬಯಲುಗಳಲ್ಲೆಲ್ಲ ಹುಡುಕಿದರೂ ಇವು ಇನ್ನೂರಕ್ಕಿಂತ ಕಡಿಮೆ.

ಚಿತ್ರ ಬರೆದರೆ ಹಕ್ಕಿ ಉಳಿದೀತೆಂದು ನಾವು ಹೇಳುತ್ತಿಲ್ಲ. ಹಿರೊಶಿಗೆಯ ಆ ಬಯಲನ್ನು ಟೋಕಿಯೊ ನುಂಗಿದೆ. ಅಳಿದೇ ಹೋಯಿತೆಂದುಕೊಂಡಿದ್ದ ಸಾರಸ 1924ರಲ್ಲಿ ಹೊಕ್ಕೈಡೊದ ಕುಶಿರೊ ಜೌಗಿನಲ್ಲಿ ಬೆರಳೆಣಿಕೆಯಷ್ಟು ಕಂಡುಬಂದಿತು. 1950ರ ದಶಕದಲ್ಲಿ ಚಳಿಗಾಲಕ್ಕೆ ಮೆಕ್ಕೆಜೋಳ ಚೆಲ್ಲಿ ಅದನ್ನು ಸಾಕಿದವರು ಅಲ್ಲಿಯ ರೈತರು. ಈಗ ಅವು ಸಾವಿರವನ್ನು ಮೀರಿವೆ. ಆದರೆ ಆ ರೈತರಿಗೆ ಅದು ಅಪರಿಚಿತ ಪ್ರಾಣಿಯಾಗಿರಲಿಲ್ಲ. ಮದುವೆಯ ಉಡುಗೆಯಲ್ಲಿ, ಮನೆಯ ಚಿತ್ರದಲ್ಲಿ ಹುಟ್ಟಿದಂದಿನಿಂದ ಕಂಡಿದ್ದ ಹಕ್ಕಿ.

ಅಜ್ಜ ಕಂಡುದನ್ನು, ಅವನ ಮಾತಿನಲ್ಲಿಯೇ ಬರೆದು ತರುವಂತೆ ಹುಡುಗನಿಗೆ ಹೇಳಿದ್ದೇವೆ. ಈ ಪುಟದಲ್ಲಿ ಅದಕ್ಕೆ ಸ್ಥಳವಿದೆ.