ಕ್ರೀಡಾಂಗಣ ಸರಿ, ಬೀಗದ ಕೈ ಯಾರ ಹತ್ತಿರ?

ಶಿಕಾರಿಪುರ, ಸೊರಬ ಎರಡಕ್ಕೂ ರಾಜಕೀಯ ಬಲದ ಬರಗಾಲ ಬಂದದ್ದಿಲ್ಲ. ಸೊರಬ ತಾಲೂಕಿನ ಕುಬಟೂರಿನ ಎಸ್. ಬಂಗಾರಪ್ಪ 1990ರಿಂದ 92ರವರೆಗೆ ಮುಖ್ಯಮಂತ್ರಿ. ಶಿಕಾರಿಪುರದಿಂದ ಗೆದ್ದು ಹೋದ ಬಿ.ಎಸ್. ಯಡಿಯೂರಪ್ಪ 2007ರಿಂದ 2019ರೊಳಗೆ ನಾಲ್ಕು ಸಲ ಪ್ರಮಾಣವಚನ ಮಾಡಿದವರು. ಬಂಗಾರಪ್ಪನವರಂತೂ ಸ್ವತಃ ಬ್ಯಾಡ್ಮಿಂಟನ್ ಬ್ಯಾಟು ಹಿಡಿದು ಅಂಕಣಕ್ಕಿಳಿಯುತ್ತಿದ್ದ ಆಸಾಮಿ. ಹಾಗಾಗಿ ಈ ಕಡೆ ದೊಡ್ಡ ಸ್ಟೇಡಿಯಂ ಬೇಕು ಅಂತ ಮಾತೆದ್ದರೆ, ಶಂಕುಸ್ಥಾಪನೆ ಕಷ್ಟ ಅಂತ ಯಾರಿಗೂ ಅನ್ನಿಸೋದಿಲ್ಲ. ಕಷ್ಟ ಇರೋದು ಆಮೇಲೆ. ಗೇಟಿಗೆ ಬೀಗ ಬಿದ್ದ ಮೇಲೆ ಅದರ ಕೈ ಯಾರ ಜೇಬಿನಲ್ಲಿರುತ್ತದೆ ಅನ್ನುವುದರಲ್ಲಿ.

ಬೆಂಗಳೂರಿನ ಕಂಠೀರವ ಕ್ರೀಡಾಂಗಣದ ಕಥೆಯನ್ನೇ ತೆಗೆದುಕೊಳ್ಳಿ. ಇವತ್ತು ಅದು ಊರಿನ ನಟ್ಟನಡುವೆ ಇದೆ. ಹಿಂದೆ ಆ ಜಾಗ ಪೇಟೆಗೂ ದಂಡು ಪ್ರದೇಶಕ್ಕೂ ನಡುವಿನ ಸಂಪಂಗಿ ಕೆರೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಹೆಸರಘಟ್ಟದಿಂದ ಕೊಳವೆ ನೀರು ಬಂತು, ಕೆರೆ ಯಾರಿಗೂ ಬೇಡವಾಯಿತು. ಯಾರಿಗೂ ಅಂದರೆ ತಪ್ಪು. ತೋಟ ಮಾಡುತ್ತಿದ್ದ ತಿಗಳರಿಗೆ ನೀರು ಬೇಕಿತ್ತು, ಇಟ್ಟಿಗೆ ಸುಡುವವರಿಗೆ ಒಣಗಿದ ಮಣ್ಣು ಬೇಕಿತ್ತು. ಗೆದ್ದದ್ದು ಒಣಮಣ್ಣು. ಅಲ್ಲಿ ಪೋಲೋ ಆಡಿದರು, 1946ರಲ್ಲಿ ಕ್ರೀಡಾಂಗಣದ ಕೆಲಸ ಶುರುವಾಯಿತು. ಕೆರೆಯ ಗುರುತಿಗೆ ಒಂದು ಪುಟ್ಟ ಕೊಳ ಉಳಿದಿದೆ. ಕರಗದ ಹೊತ್ತಿಗೆ ತಿಗಳರು ಅಲ್ಲಿಗೆ ಬಂದು ಪೂಜೆ ಮಾಡುತ್ತಾರೆ. ಹುಚ್ಚರಾಯನ ಕೆರೆಯ ಪಕ್ಕ ಬಾಳುವ ಶಿಕಾರಿಪುರದವರು ಇದನ್ನು ಸ್ವಲ್ಪ ನೆನಪಿಟ್ಟುಕೊಂಡರೆ ಒಳ್ಳೇದು. ಖಾಲಿ ಜಾಗ ಕಂಡರೆ ಸಾಕು, ಯೋಜನೆ ಓಡಿ ಬರುತ್ತದೆ.

1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಂಠೀರವ ಹೊಸ ರೂಪ ತಾಳಿತು. ಆಗ ಮುಖ್ಯಮಂತ್ರಿ ಜೆ.ಎಚ್. ಪಟೇಲರು, ಅವರ ಚನ್ನಗಿರಿ ಅಂದಿಗೆ ಇನ್ನೂ ಶಿವಮೊಗ್ಗ ಜಿಲ್ಲೆಯದೇ. ಆಟಗಾರರು ಉಳಿಯಲೆಂದು ಕೋರಮಂಗಲದಲ್ಲಿ ಎದ್ದ ಕ್ರೀಡಾ ಗ್ರಾಮ ಕೂಟ ಮುಗಿದ ಮೇಲೆ ಸಂಸಾರಸ್ಥರ ಫ್ಲ್ಯಾಟುಗಳಾಯಿತು.

ಆಮೇಲೆ ಕಂಠೀರವ ಏನೇನು ಕಂಡಿತು! 2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್ ಅವರನ್ನು, 2021ರ ಅಕ್ಟೋಬರ್‌ನಲ್ಲಿ ಪುನೀತ್ ಅವರನ್ನು ಜನ ಕೊನೆಯ ಸಲ ನೋಡಿದ್ದು ಅಲ್ಲೇ. 2013ರಲ್ಲೂ 2023ರಲ್ಲೂ ಸಿದ್ದರಾಮಯ್ಯ ಪ್ರಮಾಣವಚನ ತೆಗೆದುಕೊಂಡದ್ದು ಅಲ್ಲೇ. 2023ರ ಜುಲೈನಲ್ಲಿ ಭಾರತ ಕುವೈತನ್ನು ಸೋಲಿಸಿ ಸ್ಯಾಫ್ ಫುಟ್‌ಬಾಲ್ ಕಪ್ ಎತ್ತಿತು. 2025ರ ಜುಲೈ 5ರಂದು ನೀರಜ್ ಚೋಪ್ರಾ ಭರ್ಜಿ ಎಸೆದರು. ಇವೆಲ್ಲ ದೊಡ್ಡ ದಿನಗಳು. ಉಳಿದ ದಿನಗಳಲ್ಲಿ ಓಡುವ ಹುಡುಗರ ಗತಿ? ಬೆಂಗಳೂರು ಎಫ್‌ಸಿ ಅಲ್ಲಿ ಠಿಕಾಣಿ ಹೂಡಿದ ಮೇಲೆ ಓಟದವರಿಗೂ ಫುಟ್‌ಬಾಲಿನವರಿಗೂ ಜಟಾಪಟಿ ಹತ್ತಿ, ಮಾತು ಹೈಕೋರ್ಟಿನವರೆಗೂ ಹೋಯಿತು. ಪಂದ್ಯ ಅಂದರೆ ಅಭ್ಯಾಸ ಬಂದ್ ಅನ್ನುವುದು ಓಟದವರ ಸಂಕಟ. ಒಂದೇ ಮೈದಾನ, ಹತ್ತು ಆಟ ಅಂದಾಗ ಈ ಜಗಳ ಇದ್ದದ್ದೇ.

ದೆಹಲಿಯದ್ದು ಇನ್ನೂ ಸೊಗಸು. ಅಲ್ಲಿನ ತ್ಯಾಗರಾಜ ಕ್ರೀಡಾಂಗಣದಲ್ಲಿ ಸಂಜೆ 7ಕ್ಕೆಲ್ಲ ಹುಡುಗರನ್ನು ಆಚೆ ಕಳಿಸುತ್ತಾರೆ, ಆಮೇಲೆ ಹಿರಿಯ ಐಎಎಸ್ ಅಧಿಕಾರಿಯೊಬ್ಬರು ನಾಯಿ ಕರೆದುಕೊಂಡು ವಾಕಿಂಗ್ ಬರುತ್ತಾರೆ ಅಂತ 2022ರ ಮೇ ತಿಂಗಳಲ್ಲಿ ಪತ್ರಿಕೆಯಲ್ಲಿ ಬಂತು. ಸಾಹೇಬರಿಗೆ ಲಡಾಖಿಗೆ ವರ್ಗ. ಸರ್ಕಾರಿ ಕ್ರೀಡಾಂಗಣಗಳನ್ನು ರಾತ್ರಿ 10ರವರೆಗೆ ತೆರೆದಿಡಿ ಅಂತ ದೆಹಲಿ ಸರ್ಕಾರ ಹೇಳಿತು. ಅಷ್ಟಕ್ಕೂ ಕೋಟಿ ಖರ್ಚು ಮಾಡಿ ಹೊಸದೇನೂ ಕಟ್ಟಲಿಲ್ಲ. ಬೀಗ ಹಾಕುವ ಹೊತ್ತು ಬದಲಾಯಿತು, ಅಷ್ಟೇ.

ಈಗ ನಮ್ಮ ಕಡೆಗೆ ಬನ್ನಿ. ಶಿರಾಳಕೊಪ್ಪದ ಸುತ್ತಿನ ಹಳ್ಳಿಯ ಹುಡುಗಿ ಶಿಕಾರಿಪುರಕ್ಕೆ, ಆನವಟ್ಟಿ ಕಡೆಯ ಹುಡುಗ ಸೊರಬಕ್ಕೆ ಓದಲು ಬರುವುದು ಬಸ್ಸಿನಲ್ಲಿ. ಕಾಲೇಜು ಬಿಟ್ಟ ಹೊತ್ತಿಗೂ ಊರಿನ ಕೊನೆಯ ಬಸ್ಸಿಗೂ ನಡುವೆ ಸಿಗೋದು ಒಂದೋ ಎರಡೋ ಗಂಟೆ. ಓಟ, ಉದ್ದ ಜಿಗಿತ, ಗುಂಡು ಎಸೆತ ಏನೇ ಕಲಿಯಬೇಕಾದರೂ ಅದೇ ಗಂಟೆಯಲ್ಲಿ. ಆ ಹೊತ್ತಿಗೆ ಮೈದಾನ ತೆರೆದಿಲ್ಲದಿದ್ದರೆ, ಬೆಳಿಗ್ಗೆ 5ರಿಂದ ವಾಕಿಂಗಿನವರಿಗೆ ಬಾಗಿಲು ತೆಗೆದಿಟ್ಟು ಆ ಮಕ್ಕಳಿಗೆ ಏನು ಉಪಯೋಗ? ವಾಕಿಂಗ್ ಬೇಡ ಅಂತಲ್ಲ. ಸಕ್ಕರೆ ಕಾಯಿಲೆ ಅಂಗಡಿಯವರನ್ನೂ ಬಿಟ್ಟಿಲ್ಲ. ಆದರೆ ವೇಳಾಪಟ್ಟಿ ಮಾಡುವಾಗ ಬಸ್ಸಿನ ಟೈಮು ನೋಡಬೇಕು.

ಇನ್ನೊಂದು ಮಳೆ. ಶಾಲಾ ಕ್ರೀಡಾಕೂಟಗಳು ಹೋಬಳಿ, ತಾಲೂಕು, ಜಿಲ್ಲೆ ಅಂತ ಮೇಲೇರುವುದು ಹೆಚ್ಚಾಗಿ ಆಗಸ್ಟ್-ಸೆಪ್ಟೆಂಬರಿನಲ್ಲಿ. ಸೊರಬದಲ್ಲಿ ಆಗ ಮಣ್ಣಿನ ಮೈದಾನ ಗದ್ದೆಯಾಗಿರುತ್ತದೆ. ಗ್ಯಾಲರಿಗೆ ಮೊದಲು ಚರಂಡಿ ಬೇಕು, ಆದರೆ ಚರಂಡಿಗೆ ಉದ್ಘಾಟನೆ ಮಾಡುವವರಿಲ್ಲವಲ್ಲ! ಕಬಡ್ಡಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗ ಸಾಕು, ಯಾವ ಶಾಲೆಯ ಅಂಗಳದಲ್ಲೂ ಆಡಿಸಬಹುದು. 400 ಮೀಟರಿನ ಎಂಟು ಸಾಲಿನ ಟ್ರ್ಯಾಕಿಗೆ ಮಾತ್ರ 4 ಎಕರೆಗೂ ಮೇಲೆ ಬೇಕು. ತಾಲೂಕು ಕ್ರೀಡಾಂಗಣ ಮೊದಲು ಅನುಕೂಲ ಮಾಡಿಕೊಡಬೇಕಾದ್ದು ಓಡುವವರಿಗೆ. ಅವರಿಗೆ ಬೇರೆ ಜಾಗ ಇಲ್ಲ, ರಸ್ತೆಯಲ್ಲಿ ಓಡಿದರೆ ಲಾರಿಗೆ ಅಂಜಬೇಕು.

ಸಭೆ, ಸಮಾರಂಭ, ಆರ್ಕೆಸ್ಟ್ರಾಗಳಿಗೆ ಕೊಡಲೇಬಾರದು ಅನ್ನುವುದೂ ಆಗದ ಮಾತು. ಕಾರ್ಯಕ್ರಮ ಇದ್ದ ದಿನ ಚಹದಂಗಡಿ, ಬೇಕರಿಗೆ ನಾಲ್ಕು ಕಾಸು ಹುಟ್ಟುತ್ತದೆ. ಆದರೆ ಪೆಂಡಾಲಿನ ಗೂಟ ಕಿತ್ತ ಗುಂಡಿ ಮುಚ್ಚುವವರು ಯಾರು? ಮುಂಗಡ ಠೇವಣಿ ಇಡಿಸಿಕೊಂಡು, ಗುಂಡಿ ಮುಚ್ಚಿದ ಮೇಲೆಯೇ ವಾಪಸು ಕೊಡಲಿ. ವರ್ಷಕ್ಕೆ ಇಷ್ಟೇ ದಿನ, ಬಾಡಿಗೆ ಇಷ್ಟು, ಬಂದ ಹಣ ಇಂಥದ್ದಕ್ಕೆ ಖರ್ಚಾಯಿತು ಅಂತ ಗೇಟಿನ ಪಕ್ಕ ಬೋರ್ಡು ಬರೆಸಲಿ. ಅದರಲ್ಲೇ ತೆರೆಯುವ ಹೊತ್ತು, ಮುಚ್ಚುವ ಹೊತ್ತು, ಬೀಗದ ಕೈ ಇಟ್ಟುಕೊಂಡವರ ಫೋನ್ ನಂಬರೂ ಇರಲಿ. ಹುಡುಗಿಯರಿಗೆ ಬಟ್ಟೆ ಬದಲಾಯಿಸಲು ಒಂದು ಕೋಣೆ, ನೀರು ಬರುವ ಶೌಚಾಲಯ, ಸಂಜೆಗೆ ನಾಲ್ಕು ದೀಪ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಗೆ ಅರ್ಜಿ ಬರೆಯುವವರು ಸಿಂಥೆಟಿಕ್ ಟ್ರ್ಯಾಕಿಗೆ ಮೊದಲು ಇಷ್ಟನ್ನು ಬರೆಯಲಿ.